ಡ್ರಿಲ್ ಮೇಷ್ಟ್ರು ಹಿಡಿದ ನಾಡಿ

ದೇಹ ಇದ್ದವರೆಲ್ಲ ತಮ್ಮ ದೇಹದ ವಿಷಯದಲ್ಲಿ ತಾವೇ ಪಂಡಿತರು. ಅದಕ್ಕೇ ಇರಬೇಕು, ವ್ಯಾಯಾಮ ಹೇಳಿಕೊಡೋಕೆ ಹೋದ ನನಗೆ ವಾರಕ್ಕೊಂದಾದರೂ ಇಂಥ ಪ್ರಸಂಗ ತಪ್ಪುತ್ತಿರಲಿಲ್ಲ.

ನಾನು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ಕಡೂರಿಗೆ ಬಂದೆ. ಆಮೇಲೆ ತರೀಕೆರೆಗೆ ವರ್ಗವಾಯ್ತು, ಎಂಬತ್ತರ ದಶಕದಲ್ಲಿ ಅಜ್ಜಂಪುರಕ್ಕೆ. ಸಂಜೆ ಹುಡುಗರಿಗೆ ಖೊಖೊ, ವಾಲಿಬಾಲ್. ಬೆಳಿಗ್ಗೆ ಹೊತ್ತು ಮಾತ್ರ, ಡಾಕ್ಟರ ಕೈಲಿ ಬೈಸಿಕೊಂಡು ಬಂದ ದೊಡ್ಡವರಿಗೆ ಕೈಕಾಲು ಆಡಿಸುವ ಪಾಠ. ಆಗ ಈ ಊರುಗಳಲ್ಲಿ ಜಿಮ್ ಅನ್ನೋ ಮಾತೇ ಇರಲಿಲ್ಲ. ಗರಡಿಮನೆ ಇತ್ತು, ಆದರೆ ಐವತ್ತು ದಾಟಿ ಹೊಟ್ಟೆ ಬಂದವನು ಗರಡಿಗೆ ಹೋದರೆ ಪೈಲ್ವಾನರು ನಗುತ್ತಿದ್ದರು. ನನ್ನ ಹತ್ತಿರ ಬಂದರೆ ನಾನು ನಗುತ್ತಿರಲಿಲ್ಲ. ಮನೆಗೆ ಹೋಗಿ ನಗುತ್ತಿದ್ದೆ.

ನಾನು ಓದಿದ ಟ್ರೈನಿಂಗ್ ಕಾಲೇಜಿನಲ್ಲಿ ಒಬ್ಬ ಗುರುಗಳಿದ್ದರು. ಮೂಳೆ, ಸ್ನಾಯು, ಹೃದಯ, ಶ್ವಾಸಕೋಶ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದರು: "ನೋಡ್ರಯ್ಯ, ಬಡಗಿ ತಪ್ಪು ಮಾಡಿದ್ರೆ ಮರ ಹಾಳು. ನೀವು ತಪ್ಪು ಮಾಡಿದ್ರೆ ಮನುಷ್ಯ ಹಾಳು. ಮೊದಲು ಅವರನ್ನ ಕೇಳಿ, ಆಮೇಲೆ ನೀವು ಹೇಳಿ." ಈ ಮಾತನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ. ಪಾಲಿಸಿದ್ದರಿಂದಲೇ ಇಷ್ಟೆಲ್ಲ ಆಯ್ತು.

೧. ಏನೂ ಇಲ್ಲ, ಬರ್ಕೊಳ್ಳಿ

ಕಡೂರಿನಲ್ಲಿ ನನಗೆ ಸಿಕ್ಕ ಮೊದಲನೇ ದೊಡ್ಡ ಮನುಷ್ಯ ಒಬ್ಬ ಕೊಬ್ಬರಿ ಸಾಹುಕಾರರು. ಎಲ್ಲ ಅರ್ಥದಲ್ಲೂ ದೊಡ್ಡ ಮನುಷ್ಯರು. ಅವರು ಜಟಕಾ ಹತ್ತಿದರೆ ಕುದುರೆ ಒಂದು ಸಲ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಡಾಕ್ಟರು ತೂಕ ಇಳಿಸಿ ಅಂದಿದ್ದರಂತೆ. ಡ್ರಿಲ್ ಮೇಷ್ಟ್ರು ಮನೆಗೇ ಬರಲಿ ಅಂತ ಹೇಳಿಕಳಿಸಿದರು.

ನಾನು ಒಂದು ನೋಟ್‌ಬುಕ್ಕು ಹಿಡಿದು ಹೋದೆ. ವ್ಯಾಯಾಮ ಶುರು ಮಾಡಿಸುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳನ್ನು ಅದರಲ್ಲಿ ಬರೆದುಕೊಂಡಿದ್ದೆ. ಪಡಸಾಲೆಯಲ್ಲಿ ನಾವಿಬ್ಬರೂ ಕೂತೆವು. ಸಾಹುಕಾರರ ಹೆಂಡತಿ ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು.

"ನಿಮಗೆ ಯಾವುದಾದ್ರೂ ಕಾಯಿಲೆ ಇದ್ಯಾ?" ಅಂತ ಕೇಳಿದೆ.

"ಏನೂ ಇಲ್ಲ, ಬರ್ಕೊಳ್ಳಿ. ಗಟ್ಟಿಮುಟ್ಟಾಗಿದ್ದೀನಿ."

ರೊಟ್ಟಿ ತಟ್ಟುವ ಸದ್ದು ನಿಂತಿತು. "ಸಕ್ಕರೆ ಕಾಯಿಲೆ ಹೇಳ್ರೀ," ಅಂತ ಒಳಗಿಂದ ಧ್ವನಿ ಬಂತು.

"ಅದು ಮೊನ್ನೆ ಮೊನ್ನೆ ಬಂದದ್ದು ಮೇಷ್ಟ್ರೇ," ಅಂದರು ಸಾಹುಕಾರರು. "ಇನ್ನೂ ಖಾಯಂ ಆಗಿಲ್ಲ."

ಬರೆದುಕೊಂಡೆ. "ಎದೆ ನೋವು, ಉಸಿರು ಕಟ್ಟೋದು ಏನಾದ್ರೂ?"

"ಇಲ್ಲವೇ ಇಲ್ಲ."

"ಮೆಟ್ಲು ಹತ್ತಿದ್ರೆ?" ಅಂತ ಒಳಗಿಂದ ಬಂತು.

"ನಾನು ಮೆಟ್ಲು ಹತ್ತೋದೇ ಇಲ್ಲವಲ್ಲೇ. ಹತ್ತದೇ ಇದ್ರೆ ಎಲ್ಲಿಂದ ಕಟ್ಟುತ್ತೆ?"

ಅದನ್ನೂ ಬರೆದುಕೊಂಡೆ. "ಬೇರೆ ಏನಾದ್ರೂ ತೊಂದರೆ?"

ಸಾಹುಕಾರರು ತಲೆ ಆಡಿಸಿದರು. ಒಳಗಿನ ಧ್ವನಿ "ಮೂಲವ್ಯಾಧಿ" ಅಂದಿತು. ಸಾಹುಕಾರರಿಗೆ ಈಗ ಸಿಟ್ಟು ಬಂತು. "ಅದು ಕಾಯಿಲೆ ಅಲ್ಲ ಕಣೇ, ಅದು ಮನೆತನದ್ದು. ನಮ್ಮಪ್ಪನಿಗಿತ್ತು, ನಮ್ಮ ತಾತನಿಗಿತ್ತು. ಅದನ್ನೆಲ್ಲ ಮೇಷ್ಟ್ರಿಗೆ ಯಾಕೆ ಹೇಳ್ತೀಯ?"

ಇವರನ್ನು ಡಾಕ್ಟರ ಒಪ್ಪಿಗೆ ಚೀಟಿ ಇಲ್ಲದೆ ಒಂದು ಹೆಜ್ಜೆಯೂ ಓಡಿಸಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಕೊನೆಯ ಪ್ರಶ್ನೆಯೊಂದು ಉಳಿದಿತ್ತು. "ಹಿಂದೆ ಯಾವಾಗಲಾದ್ರೂ ವ್ಯಾಯಾಮ ಅಂತ ಮಾಡಿದ್ದುಂಟಾ?"

ಸಾಹುಕಾರರು ಬಹಳ ಹೊತ್ತು ಸೂರು ನೋಡಿಕೊಂಡು ಯೋಚನೆ ಮಾಡಿದರು. "ಮದುವೇಲಿ ಮಂಟಪಕ್ಕೆ ಮೂರು ಸುತ್ತು ಬಂದಿದ್ದೆ," ಅಂದರು.

"ಎರಡು ಅಂತ ಬರ್ಕೊಳ್ಳಿ ಮೇಷ್ಟ್ರೇ," ಅಂತ ಅಡುಗೆಮನೆಯಿಂದ ತಿದ್ದುಪಡಿ ಬಂತು. "ಮೂರನೇದಕ್ಕೆ ಕುರ್ಚಿ ತರ್ಸಿದ್ರು."

೨. ಸ್ಥಳ ತನಿಖೆ

ಕಡೂರಿನಲ್ಲೇ ನನ್ನ ಜೊತೆ ಬೆಳಿಗ್ಗೆ ನಡೆಯೋಕೆ ಬರುತ್ತಿದ್ದವರಲ್ಲಿ ಒಬ್ಬರು ಹಳೇ ಶಾನುಭೋಗರು. ಯಾರ ಹೊಲದಲ್ಲಿ ಯಾವ ಬೆಳೆ ನಿಂತಿದೆ ಅಂತ ಹೋಗಿ ನೋಡಿ ಪಹಣಿ ಬರೆಯೋದು ಅವರು ವರ್ಷಗಟ್ಟಲೆ ಮಾಡಿದ್ದ ಕೆಲಸ. ಈಗ ಮನೆಯಲ್ಲಿ ಬರೆಯೋಕೆ ಏನೂ ಇಲ್ಲದೆ ಬೇಜಾರಾಗಿದ್ದರು.

ಅವರಿಗೆ ನಾಡಿ ಎಣಿಸೋದು ಹೇಳಿಕೊಟ್ಟೆ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಬೇಕು. ಬೆಳಿಗ್ಗೆ ಎದ್ದ ಕೂಡಲೆ ಒಂದು ಸಲ, ನಡೆದು ಬಂದ ಮೇಲೆ ಒಂದು ಸಲ. ಹೃದಯಕ್ಕೆ ಎಷ್ಟು ಕೆಲಸ ಬಿತ್ತು, ಎಷ್ಟು ಹೊತ್ತಿಗೆ ಸುಧಾರಿಸಿಕೊಂಡಿತು ಅಂತ ಅದರಿಂದ ಗೊತ್ತಾಗುತ್ತೆ, ದಿನಾ ಬರೆದಿಡಿ ಅಂದೆ. ಬರೆದಿಡಿ ಅಂದಿದ್ದು ಕೇಳಿ ಅವರ ಮುಖ ಅರಳಿತು.

ಹದಿನೈದು ದಿನವಾದ ಮೇಲೆ ಪುಸ್ತಕ ತಂದು ತೋರಿಸಿದರು. ಗೆರೆ ಹೊಡೆದು ಕಲಂ ಮಾಡಿ, ಮುತ್ತಿನಂಥ ಅಕ್ಷರ. ಎದ್ದ ಕೂಡಲೆ ಎಪ್ಪತ್ತೆರಡು, ನಡೆದ ಮೇಲೆ ತೊಂಬತ್ತಾರು. ಮಾರನೇ ದಿನವೂ ಎಪ್ಪತ್ತೆರಡು, ತೊಂಬತ್ತಾರು. ಅದರ ಮಾರನೇ ದಿನವೂ ಅಷ್ಟೇ. ನೆಂಟರ ಮನೆ ನಾಮಕರಣಕ್ಕೆ ಅಂತ ಸಿಂಗಟಗೆರೆಗೆ ಹೋಗಿ, ನಮ್ಮ ಜೊತೆ ನಡೆಯೋಕೆ ಬರದ ದಿನವೂ ನಡೆದ ಮೇಲೆ ತೊಂಬತ್ತಾರು.

"ಸ್ವಾಮಿ, ಎಲ್ಲಾ ದಿನಾನೂ ಒಂದೇ ಲೆಕ್ಕ ಹೇಗೆ ಬರುತ್ತೆ?" ಅಂದೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೊದಲ್ನೇ ದಿನ ಎಣಿಸಿದೆ ಮೇಷ್ಟ್ರೇ. ಆಮೇಲೆ ಹಿಂದಿನ ದಿನದ್ದು ನೋಡ್ಕೊಂಡು ಬರ್ದೆ. ಪಹಣಿ ಹಾಗೇ ಅಲ್ವೇ ಬರೆಯೋದು?"

"ಮಧ್ಯದಲ್ಲಿ ಬೆಳೆ ಬದಲಾಗಿದ್ರೆ?"

"ಬದಲಾದ್ರೆ ರೈತನೇ ಬಂದು ಹೇಳ್ತಾನೆ ಬಿಡಿ."

ಸರಿ, ಕೈ ಕೊಡಿ ಅಂತ ನಾನೇ ನಾಡಿ ಹಿಡಿದೆ. ನನಗೆ ನಗು ಬರುತ್ತಿದ್ದದ್ದು ನಿಂತುಹೋಯ್ತು. ಎರಡು ಬಡಿತ, ಒಂದು ಬಿಡುವು, ಮೂರು ಬಡಿತ ಗಡಿಬಿಡಿಯಲ್ಲಿ, ಮತ್ತೆ ಬಿಡುವು. ಕಲ್ಲಿನ ಮೇಲೆ ಕೂರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿದೆ. ಹಾಗೇ ಇತ್ತು. ಇದು ನನ್ನ ವಿದ್ಯೆಗೆ ಮೀರಿದ್ದು, ಇವತ್ತೇ ಡಾಕ್ಟರಿಗೆ ತೋರಿಸಿ, ಅವರು ಹೇಳೋವರೆಗೂ ನಡೆಯೋಕೆ ಬರಬೇಡಿ ಅಂದೆ. ಅವರಿಗೆ ಅವಮಾನವಾಯ್ತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ನಾನೇ ಸಂಜೆ ಅವರ ಮಗನಿಗೆ ವಿಷಯ ತಿಳಿಸಿ, ಡಾಕ್ಟರ ಹತ್ತಿರ ಕಳಿಸಿದೆ.

ಡಾಕ್ಟರು ಪರೀಕ್ಷೆ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಿದರಂತೆ. ಮಾತ್ರೆ ಶುರುವಾಯ್ತು. ಒಂದೂವರೆ ತಿಂಗಳ ಮೇಲೆ ಶಾನುಭೋಗರು, ನಿಧಾನವಾಗಿ ನಡೆಯಬಹುದು ಅನ್ನೋ ಡಾಕ್ಟರ ಚೀಟಿ ಹಿಡಿದು ವಾಪಸು ಬಂದರು. ನಾನು ಕೇಳುವ ಮೊದಲೇ ಕೈ ಚಾಚಿದರು.

"ಮೇಷ್ಟ್ರೇ, ನನ್ನ ಸರ್ವೀಸಿನಲ್ಲಿ ಯಾವ ಅಮಲ್ದಾರರೂ ಸ್ಥಳ ತನಿಖೆಗೆ ಅಂತ ಬಂದಿರಲಿಲ್ಲ. ನೀವೊಬ್ರು ಬಂದ್ರಿ. ಬಂದವರೇ ಒತ್ತುವರಿ ಹಿಡಿದ್ಬಿಟ್ರಿ."

೩. ಮೈ ಬಿಸಿ

ತರೀಕೆರೆಗೆ ಹೋದ ಹೊಸದು. ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಒಬ್ಬ ಮದುವೆಯಾಗದ ಮೂವತ್ತರ ಗಂಡಸು ಓಡೋದು ಕಲೀಬೇಕು ಅಂತ ಬಂದ. ಬಂದ ದಿನವೇ ನಾನು ಹೇಳುವ ಮೊದಲೇ ಓಡಿ, ತೊಡೆಯ ಹಿಂಭಾಗ ಹಿಡಿದುಕೊಂಡು ನಿಂತ. ತಣ್ಣಗಿರೋ ಸ್ನಾಯು ಒಣಗಿದ ಹಗ್ಗದ ಹಾಗೆ, ಎಳೆದರೆ ಎಳೆ ಬಿಡುತ್ತೆ, ಮೊದಲು ಮೈ ಬಿಸಿ ಮಾಡ್ಕೊಂಡು ಆಮೇಲೆ ಓಡಬೇಕು ಅಂತ ತಿಳಿಸಿ ಹೇಳಿ, ಎರಡು ದಿನ ಸುಧಾರಿಸಿಕೊಂಡು ಬಾ ಅಂತ ಕಳಿಸಿದೆ.

ಮೂರನೇ ದಿನ ಅವನು ಬರಲಿಲ್ಲ. ಅವನ ತಾಯಿ ಬಂದರು. "ಮಗನಿಗೆ ಮೈ ಸುಡ್ತಾ ಇದೆ, ಇನ್ನೊಂದು ವಾರ ಡ್ರಿಲ್ಲಿಗೆ ಬರಲ್ಲ," ಅಂದರು. ನೋಡಿಕೊಂಡು ಬರೋಣ ಅಂತ ಅವರ ಜೊತೆಗೇ ಹೋದೆ. ಆತ ಎರಡು ಕಂಬಳಿ ಹೊದ್ದು ಮಲಗಿದ್ದ. ತಾಯಿ ಗಂಜಿ ತರೋಕೆ ಒಳಗೆ ಹೋದ ಮೇಲೆ ಪಿಸುಮಾತಿನಲ್ಲಿ ಹೇಳಿದ:

"ಸಾರ್, ಜ್ವರ ಏನೂ ಇಲ್ಲ. ನೀವು ಮೈ ಬಿಸಿ ಮಾಡ್ಕೊಂಡು ಬಾ ಅಂದ್ರಲ್ಲ, ಸ್ವೆಟರ್ ಹಾಕ್ಕೊಂಡು ಬಚ್ಚಲೊಲೆ ಮುಂದೆ ಅರ್ಧ ಗಂಟೆ ಕೂತಿದ್ದೆ. ಹೊರಡೋವಾಗ ಅಮ್ಮ ಹಣೆ ಮುಟ್ಟಿ ನೋಡಿದ್ರು."

ಮೈ ಬಿಸಿ ಮಾಡೋದು ಅಂದರೆ ಒಲೆ ಮುಂದೆ ಕೂರೋದಲ್ಲ, ನಿಧಾನವಾಗಿ ನಡೆದು, ಕೈಕಾಲು ಬೀಸಿ ಒಳಗಿಂದ ಬಿಸಿ ಹುಟ್ಟಿಸೋದು ಅಂತ ನಾನು ಬಿಡಿಸಿ ಹೇಳಿರಲಿಲ್ಲ. ತಪ್ಪು ನನ್ನದೇ. "ನಿಜ ಹೇಳಬಾರದಿತ್ತೇನಯ್ಯ ತಾಯಿಗೆ?" ಅಂದೆ.

"ಹೇಳಿದೆ ಸಾರ್. ಓಡೋದಕ್ಕೆ ಅಂತ ಒಲೆ ಮುಂದೆ ಕೂತಿದ್ದೆ ಅಂದೆ. ಜ್ವರ ತಲೆಗೇರಿದೆ ಅಂತ ಎರಡನೇ ಕಂಬಳಿ ತಂದ್ರು."

೪. ಅರ್ಧ ಇಂಚು

ಪಂಚನಹಳ್ಳಿ ಕಡೆಯ ಒಬ್ಬ ಯುವಕ ತರೀಕೆರೆಯಲ್ಲಿ ಸೋದರತ್ತೆ ಮನೆಯಲ್ಲಿದ್ದ. ಪೊಲೀಸ್ ಕೆಲಸಕ್ಕೆ ಎರಡು ಸಲ ಹೋಗಿ ವಾಪಸು ಬಂದಿದ್ದ. ಓಟ, ಎತ್ತರ ಎಲ್ಲಾ ಸರಿ. ಎದೆ ಅಳತೆ ಹತ್ತಿರ ಬಿದ್ದುಹೋಗುತ್ತಿದ್ದ. ಉಸಿರು ಬಿಟ್ಟಾಗ ಒಂದು ಅಳತೆ, ಉಸಿರು ಎಳೆದಾಗ ಒಂದು ಅಳತೆ, ಎರಡಕ್ಕೂ ನಡುವೆ ಎರಡು ಇಂಚು ವ್ಯತ್ಯಾಸ ಬರಬೇಕು. ಇವನಿಗೆ ಒಂದೂವರೆ ಬರುತ್ತಿತ್ತು. ವಯಸ್ಸು ಮೀರುತ್ತಾ ಬಂದಿತ್ತು, ಇದೇ ಕೊನೆಯ ಸಲ. "ಆ ಅರ್ಧ ಇಂಚು ಕೊಡ್ಸಿ ಮೇಷ್ಟ್ರೇ," ಅಂತ ಬಂದು ನಿಂತ.

ಮೂರು ತಿಂಗಳು ಬಿಡದೆ ಮಾಡಿಸಿದೆ. ಓಟವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ನಡುವೆ ಒಂದು ದಿನ ಬಿಡುವು ಕೊಟ್ಟು, ದಂಡ ಹೊಡೆಸಿ, ಪಕ್ಕೆಲುಬು ಬಿಚ್ಚುವ ಹಾಗೆ ಕೈ ಮೇಲೆತ್ತಿಸಿ, "ಎಳಿ, ಇನ್ನೂ ಎಳಿ, ಹಿಡ್ಕೋ" ಅಂತ ದಿನಾ ಕೂಗಿದೆ. ಟೇಪಿನಲ್ಲಿ ಎರಡೂ ಕಾಲು ಇಂಚು ಬಂತು. ಇನ್ನು ಭಯವಿಲ್ಲ ಅಂತ ಕಳಿಸಿಕೊಟ್ಟೆ.

ಅಲ್ಲಿ ಆಗಿದ್ದನ್ನು ಅವನೇ ಬಂದು ಹೇಳಿದ. ಸಾಲಿನಲ್ಲಿ ಮುಂದಿನ ಇಬ್ಬರ ಅಳತೆ ಮುಗಿಯುತ್ತಿದ್ದ ಹಾಗೆ ಇವನು ಉಸಿರು ಎಳೆದು ಹಿಡಿದುಕೊಂಡನಂತೆ. ಸರದಿ ಬಂತು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಹೆಸರು ಕೇಳಿದರು. ಇವನು ಮಾತಾಡಲಿಲ್ಲ. ತಂದೆ ಹೆಸರು ಕೇಳಿದರು. ಸುಮ್ಮನೆ ನಿಂತ. "ಮೂಗನೇನಯ್ಯ?" ಅಂದರು. ಹಿಂದೆ ನಿಂತಿದ್ದವನು, "ಇಲ್ಲ ಸಾರ್, ಈಗ ತಾನೇ ನನ್ ಜೊತೆ ಮಾತಾಡ್ತಿದ್ದ," ಅಂದ. ಟೇಪು ಹಿಡಿದವನು ಮೂವತ್ತನಾಲ್ಕು ಅಂದ. "ಈಗ ಉಸಿರು ಎಳ್ಕೋ," ಅಂದರು. ಎಳೆಯೋಕೆ ಜಾಗವೇ ಇರಲಿಲ್ಲ. ಮತ್ತೆ ಮೂವತ್ತನಾಲ್ಕು. "ಹಾಗಾದ್ರೆ ಬಿಡು," ಅಂದರು. ಇವನು ಬಿಡಲ್ಲ ಅಂತ ತಲೆ ಆಡಿಸಿದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಕಾಲು ಸೋತು, ಅಲ್ಲೇ ಕುಸಿದು ಕೂತ. ಉಸಿರು ತಾನಾಗಿ ಹೋಯ್ತು.

ಆ ಅಧಿಕಾರಿ ಒಳ್ಳೆಯವರು. ನೀರು ಕುಡಿಸಿ, ಸುಧಾರಿಸಿಕೊಂಡ ಮೇಲೆ ಇನ್ನೊಂದು ಸಲ ಅಳೆಸಿದರು. ಬಿಟ್ಟಾಗ ಮೂವತ್ತೊಂದೂ ಮುಕ್ಕಾಲು, ಎಳೆದಾಗ ಮೂವತ್ತನಾಲ್ಕು. ಕೆಲಸ ಸಿಕ್ಕಿತು. ಅವನು ನನ್ನ ಕಾಲಿಗೆ ಬಿದ್ದ. ಎಳೆಯೋದು ಹೇಳಿಕೊಟ್ಟು ಬಿಡೋದು ಹೇಳಿಕೊಡದ ಮೇಷ್ಟ್ರ ಕಾಲು ಅದು ಅಂತ ನನಗೆ ನಾಚಿಕೆಯಾಯ್ತು.

"ಹೋಗ್ಲಿ, ಹೆಸರಾದ್ರೂ ಹೇಳಬಾರದಿತ್ತೇನೋ?" ಅಂದೆ.

"ಹೆಸರು ಹೇಳಿದ್ರೆ ಅರ್ಧ ಇಂಚು ಹೋಗ್ತಿತ್ತು ಮೇಷ್ಟ್ರೇ. ನಮ್ಮಪ್ಪನ ಹೆಸರು ಇನ್ನೂ ಉದ್ದ."

೫. ಗುಟ್ಟಿನ ತೂಕ

ತರೀಕೆರೆಯಲ್ಲಿ ನಮ್ಮ ಬೀದಿಯ ಹೆಂಗಸರಿಗೂ ವ್ಯಾಯಾಮ ಕಲಿಯುವ ಮನಸ್ಸು ಬಂತು. ಗಂಡಸು ಹೇಳಿಕೊಡೋದು ಸರಿಯಾಗಲ್ಲ ಅಂತ ನಾನು ನನ್ನ ಹೆಂಡತಿಗೆ ಹೇಳಿಕೊಟ್ಟೆ, ಅವಳು ಅವರಿಗೆ ಹೇಳಿಕೊಡುವುದು ಅಂತಾಯ್ತು. ಶುರುವಿನಲ್ಲಿ ಎಲ್ಲರ ತೂಕ ಬರೆದಿಟ್ಟರೆ ಆಮೇಲೆ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತೆ. ಆದರೆ ಒಬ್ಬರ ತೂಕ ಇನ್ನೊಬ್ಬರಿಗೆ ತಿಳಿಯಬಾರದು, ಪುಸ್ತಕ ಪೆಟ್ಟಿಗೆಯಲ್ಲಿರಬೇಕು, ಬೀಗದ ಕೈ ನಿನ್ನ ಸೊಂಟದಲ್ಲಿರಬೇಕು ಅಂತ ಹೆಂಡತಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಅವಳೂ ಹೆಂಗಸರಿಗೆಲ್ಲ ಮಾತು ಕೊಟ್ಟಳು.

ತೂಕದ ಯಂತ್ರ ಎಲ್ಲಿಂದ ತರೋದು? ದವಸದ ಅಂಗಡಿಯೊಂದರಲ್ಲಿ ಮೂಟೆ ತೂಗುವ ಹಲಗೆ ತಕ್ಕಡಿ ಇತ್ತು. ಅಂಗಡಿಯವರನ್ನು ಕೇಳಿ, ವ್ಯಾಪಾರ ಶುರುವಾಗುವ ಮುಂಚೆ ಒಂದು ಗಂಟೆ ಬಿಟ್ಟುಕೊಡಿಸಿಕೊಂಡೆ. ಹೆಂಗಸರು ಏಳೆಂಟು ಜನ ಸೆರಗು ತಲೆ ಮೇಲೆ ಹೊದ್ದುಕೊಂಡು, ಯಾರಿಗೂ ಕಾಣದ ಹಾಗೆ ಹಿತ್ತಿಲ ಕಡೆಯಿಂದ ಒಬ್ಬೊಬ್ಬರಾಗಿ ಹೋದರಂತೆ. ಮುಂದಿನದನ್ನು ನನ್ನ ಹೆಂಡತಿ ಬಂದು ಹೇಳಿದಳು.

ತಕ್ಕಡಿಯ ಹತ್ತಿರ ಒಬ್ಬ ವಯಸ್ಸಾದ ಹಮಾಲಿ ಇದ್ದ. ಅವನಷ್ಟು ಚೆನ್ನಾಗಿ ಆ ತಕ್ಕಡಿ ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯವರು ಹಲಗೆ ಮೇಲೆ ನಿಂತರು. ಹಮಾಲಿ ಗುಂಡು ಸರಿಸಿ, ಬಗ್ಗಿ ನೋಡಿ, ಜೀವಮಾನದ ಅಭ್ಯಾಸದಂತೆ ಗಂಟಲೆತ್ತಿ ಕೂಗಿದ: "ಒಂದೂ... ಐವತ್ತೊಂಬತ್ತೂವರೇ." ಒಳಗೆ ಕೂತಿದ್ದ ಅಂಗಡಿ ಗುಮಾಸ್ತ, ಅವನಿಗೂ ಅಭ್ಯಾಸ, "ಐವತ್ತೊಂಬತ್ತೂವರೆ" ಅಂತ ತಿರುಗಿ ಕೂಗಿ ಬರೆದುಕೊಂಡ.

ನನ್ನ ಹೆಂಡತಿ ಗಾಬರಿಯಾಗಿ, "ಮೆಲ್ಲಗೆ ಹೇಳಪ್ಪಾ," ಅಂದಳು.

"ಕೂಗ್ದೇ ಇದ್ರೆ ನಂಗೇ ಲೆಕ್ಕ ತಪ್ಪೋಯ್ತದೆ ಅಮ್ಮಾವ್ರೇ," ಅಂದ ಅವನು. ಎರಡನೆಯವರನ್ನು ಇನ್ನೂ ಜೋರಾಗಿ ಕೂಗಿದ. ರಸ್ತೆಯಲ್ಲಿ ಹಾಲು ತರುತ್ತಿದ್ದವರು ನಿಂತು ಕೇಳೋಕೆ ಶುರು ಮಾಡಿದರು.

ಮೂರನೆಯವರು ನಮ್ಮ ಬೀದಿಯ ದೊಡ್ಡ ಮನೆಯವರು. ಮೈತುಂಬ ಜರಿಸೀರೆ ಉಟ್ಟುಕೊಂಡು ಬಂದಿದ್ದರು. "ಎಪ್ಪತ್ತೆರಡೂ," ಅಂತ ಹಮಾಲಿ ಕೂಗಿದ ತಕ್ಷಣ ಅವರಿಗೆ ಸಿಟ್ಟು ಬಂತು. "ನಾನು ಅಷ್ಟಿಲ್ಲ ಕಣಯ್ಯ. ಈ ಸೀರೆಯೇ ಎಷ್ಟು ಭಾರ ಗೊತ್ತಾ?" ಅಂದರು.

ಹಮಾಲಿ ನ್ಯಾಯವಂತ. ಸೀರೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, ಮೊದಲಿಗಿಂತ ಜೋರಾಗಿ ಕೂಗಿದ: "ಎಪ್ಪತ್ತೆರಡೂ... ಚೀಲ ಕಳೆದು ಎಪ್ಪತ್ತೊಂದೂ."

೬. ಮಂಡಿ ನಂದು

ಅಜ್ಜಂಪುರದಲ್ಲಿ ಒಬ್ಬ ಅಜ್ಜಿ ಇದ್ದರು. ಹೊಲದ ಕೆಲಸ ಮಾಡಿ ಮಾಡಿ ಮಂಡಿ ಹಿಡಿದುಕೊಂಡಿತ್ತು. ನನ್ನ ಹತ್ತಿರ ಬಂದು, "ಏನಾದ್ರೂ ಎಳ್ದು ಸರಿ ಮಾಡಪ್ಪಾ," ಅಂದರು. ನೋಡಿದೆ, ಬಾತುಕೊಂಡಿತ್ತು. ಬಾತ ಮಂಡಿಯನ್ನು ಎಳೆಯೋದು ನನ್ನ ಕೆಲಸವಲ್ಲ. ಔಷಧಿ ಹೇಳೋ ಅಧಿಕಾರವೂ ನನಗಿಲ್ಲ. "ಡಾಕ್ಟರಿಗೆ ತೋರ್ಸಿ ಅಜ್ಜಿ," ಅಂದೆ.

ಡಾಕ್ಟರು ಔಷಧಿ ಕೊಟ್ಟು, ಊತ ಇಳಿದ ಮೇಲೆ, "ಇನ್ನು ಇದಕ್ಕೆ ವ್ಯಾಯಾಮವೇ ಮದ್ದು, ಡ್ರಿಲ್ ಮೇಷ್ಟ್ರ ಹತ್ತಿರ ಹೋಗಿ," ಅಂದರಂತೆ. ಬಂದರು. ಎಷ್ಟು ಬಗ್ಗಿಸಬಹುದು, ಯಾವುದು ಮಾಡಿಸಬಾರದು ಅಂತ ಒಂದು ಚೀಟಿ ಬರೆಸಿಕೊಂಡು ಬನ್ನಿ ಅಂತ ನಾನು ವಾಪಸು ಕಳಿಸಿದೆ. ಡಾಕ್ಟರು, "ಮೇಷ್ಟ್ರು ಏನೇನು ಮಾಡಿಸ್ತಾರೆ ಅಂತ ಕೇಳ್ಕೊಂಡು ಬನ್ನಿ, ಆಮೇಲೆ ಚೀಟಿ ಬರೀತೀನಿ," ಅಂತ ವಾಪಸು ಕಳಿಸಿದರು. ನಾವಿಬ್ಬರೂ ನಮ್ಮ ನಮ್ಮ ಕರ್ತವ್ಯ ಚಾಚೂ ತಪ್ಪದೆ ಮಾಡುತ್ತಿದ್ದೆವು. ಆಸ್ಪತ್ರೆ ಊರಿನ ಆ ಕೊನೆ, ನಮ್ಮ ಸ್ಕೂಲು ಈ ಕೊನೆ.

ಒಂದು ಸಂಜೆ ನಾನು ಹುಡುಗರಿಗೆ ವಾಲಿಬಾಲ್ ಆಡಿಸುತ್ತಿದ್ದೆ. ಅಜ್ಜಿ ಬಂದರು. ಅವರ ಕೈಯಲ್ಲಿ ಡಾಕ್ಟರ ಮಣಿಕಟ್ಟು ಇತ್ತು. ಡಾಕ್ಟರ ಕೊರಳಲ್ಲಿ ಇನ್ನೂ ಸ್ಟೆತಾಸ್ಕೋಪು ನೇತಾಡುತ್ತಿತ್ತು.

"ಇಬ್ರೂ ಇಲ್ಲೇ ನಿಂತ್ಕೊಂಡು ಮಾತಾಡ್ಕೊಳ್ಳಿ," ಅಂದರು ಅಜ್ಜಿ. "ಅವನು ಇವನನ್ನ ಕೇಳು ಅಂತಾನೆ, ಇವನು ಅವನನ್ನ ಕೇಳು ಅಂತಾನೆ. ಮಂಡಿ ನಂದು ಕಣ್ರಪ್ಪಾ."

ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಕುರ್ಚಿ ಮೇಲೆ ಕೂತು ಕಾಲು ನಿಧಾನವಾಗಿ ನೀಡಿ, ಐದು ಎಣಿಸಿ ಇಳಿಸೋದು. ನೋವು ಬಂದರೆ ನಿಲ್ಲಿಸೋದು. ಅಷ್ಟೇ. ಎರಡು ತಿಂಗಳಲ್ಲಿ ಅಜ್ಜಿ ಕೋಲು ಬಿಟ್ಟು ಓಡಾಡುತ್ತಿದ್ದರು. ನನಗೂ ಡಾಕ್ಟರಿಗೂ ಒಳಗೊಳಗೇ ಹೆಮ್ಮೆ. ಒಂದು ದಿನ ನಾವಿಬ್ಬರೂ ಎದುರಿಗಿರುವಾಗಲೇ ಯಾರೋ ಅಜ್ಜಿಯನ್ನು ಕೇಳಿದರು, "ಮಂಡಿ ಯಾರು ವಾಸಿ ಮಾಡಿದ್ರು?" ಅಂತ.

"ಯಾರೂ ಇಲ್ಲ ಕಣಪ್ಪಾ," ಅಂದರು ಅಜ್ಜಿ. "ಇವರಿಬ್ಬರ ಹತ್ರಕ್ಕೂ ನಡ್ದೂ ನಡ್ದೂ ತಾನೇ ಸಡ್ಲ ಆಯ್ತು."

೭. ಇನ್ನೊಂದು ಸ್ವಲ್ಪ ಹೊತ್ತು

ವ್ಯಾಯಾಮ ಹೇಳಿಕೊಡುವವನಿಗೆ ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ನನಗೆ ಗೊತ್ತಿತ್ತು. ಆದರೆ ನನ್ನೊಬ್ಬನಿಗೇ ಗೊತ್ತಿದ್ದು ಏನು ಪ್ರಯೋಜನ, ನಾನೇ ಬಿದ್ದರೆ ಎತ್ತುವವರು ಯಾರು ಅನ್ನಿಸಿ, ಅಜ್ಜಂಪುರದ ಜನಕ್ಕೆಲ್ಲ ಒಂದು ಪ್ರಾತ್ಯಕ್ಷಿಕೆ ತೋರಿಸೋಣ ಅಂತ ಹೊರಟೆ. ಜನ ಸೇರುತ್ತಾರೆ ಅಂತ ಸಂತೆ ದಿನವನ್ನೇ ಗೊತ್ತು ಮಾಡಿದೆ. ಮಧ್ಯಾಹ್ನ, ಸ್ಕೂಲು ಬಯಲಿನ ಮರದ ನೆರಳಲ್ಲಿ.

ಎಚ್ಚರ ತಪ್ಪಿದವನ ಹಾಗೆ ಮಲಗೋಕೆ ಒಬ್ಬರು ಬೇಕಿತ್ತು. ನನ್ನ ಹತ್ತಿರ ಬೆಳಿಗ್ಗೆ ವ್ಯಾಯಾಮಕ್ಕೆ ಬರುತ್ತಿದ್ದ ಒಬ್ಬ ಹೋಟೆಲ್ ಮಾಲೀಕರು ತಾವೇ ಮುಂದೆ ಬಂದರು. "ಅಲ್ಲಾಡದೆ ಮಲಗೋದು ತಾನೇ ಮೇಷ್ಟ್ರೇ? ನೀವು ಹೇಳಿದ ವ್ಯಾಯಾಮದಲ್ಲೆಲ್ಲ ನಂಗೆ ಹಿಡಿಸಿದ್ದು ಇದೊಂದೇ," ಅಂದರು. ಕಣ್ಣು ಮುಚ್ಚಿ ಮಲಗಿ, ನಾನು ಹೇಳೋವರೆಗೂ ಏಳಬೇಡಿ ಅಂದೆ. ಅವರು ಬೆಳಗಿನ ಜಾವ ಎದ್ದು ಹೋಟೆಲ್ ತೆಗೆದವರು, ಸಂತೆ ದಿನದ ವ್ಯಾಪಾರ ಮಾಡಿ, ಆಗತಾನೇ ಹೊಟ್ಟೆತುಂಬ ಊಟ ಮುಗಿಸಿ ಬಂದಿದ್ದರು. ತಂಪು ನೆರಳು. ಎರಡೇ ನಿಮಿಷಕ್ಕೆ ನಿಜವಾಗಿ ನಿದ್ದೆ ಹೋದರು. ಅದು ನನಗೆ ಗೊತ್ತಾಗಲಿಲ್ಲ.

ನಾನು ಜನಕ್ಕೆ ತೋರಿಸುತ್ತ ಹೋದೆ. ಭುಜ ತಟ್ಟಿ ಕರೆಯಬೇಕು, ಉಸಿರಾಡ್ತಿದ್ದಾರಾ ಅಂತ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಬೇಕು, ನಾಡಿ ಹಿಡಿಯಬೇಕು. ಎದೆ ಎಲ್ಲಿ ಒತ್ತಬೇಕು ಅಂತ ತೋರಿಸೋಕೆ ಅವರ ಎದೆ ಮೇಲೆ ಎರಡು ಕೈಯನ್ನೂ ಇಟ್ಟೆ. ನಾಡಿ ಆಡುತ್ತಿರುವವರ ಎದೆ ಒತ್ತಬಾರದು, ಆದ್ದರಿಂದ ಬರೀ ಇಟ್ಟುಕೊಂಡು ವಿವರಿಸುತ್ತಿದ್ದೆ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಮೊದಲಿಂದ ಇದ್ದವರಿಗೆ ಇದು ಪಾಠ ಅಂತ ಗೊತ್ತು. ಸಂತೆಯಿಂದ ತಡವಾಗಿ ಬಂದವರಿಗೆ ಕಂಡದ್ದು ಇಷ್ಟು: ಹೋಟೆಲ್ ಮಾಲೀಕರು ನೆಲದ ಮೇಲೆ ಬಿದ್ದಿದ್ದಾರೆ, ಡ್ರಿಲ್ ಮೇಷ್ಟ್ರು ಎದೆ ಮೇಲೆ ಕೈಯಿಟ್ಟಿದ್ದಾರೆ, ಜನ ಮೌನವಾಗಿ ನಿಂತಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡು ಸಂತೆ ಕಡೆ ಹೋದರು. ಸುದ್ದಿ ಅವರಿಗಿಂತ ಮುಂಚೆ ಹೋಯ್ತು. ಹೋಟೆಲಿನ ಅಡುಗೆಯವನು ಒಲೆ ಆರಿಸಿ ಬಾಗಿಲು ಹಾಕಿದನಂತೆ. ಅಕ್ಕಪಕ್ಕದ ಎರಡು ಅಂಗಡಿಯವರೂ ಗೌರವಕ್ಕೆ ಅಂತ ಬಾಗಿಲು ಎಳೆದರಂತೆ. ಯಾರೋ ಹೋಗಿ ಮಾಲೀಕರ ಹೆಂಡತಿಗೂ ಹೇಳಿಬಿಟ್ಟರು.

ನಾನು ಇನ್ನೂ ಎದೆಯ ಮೂಳೆ ವಿಷಯದಲ್ಲೇ ಇದ್ದೆ. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಆ ತಾಯಿ ಓಡಿಬಂದು ಗಂಡನ ಕಾಲ ಹತ್ತಿರ ಕುಸಿದು ಕೂತರು. ಹಿಂದೆ ಐದಾರು ಹೆಂಗಸರು. "ಅಮ್ಮಾ, ಏನೂ ಆಗಿಲ್ಲ, ಇದು ಪಾಠ," ಅಂತ ನಾನು ಎರಡು ಸಲ ಹೇಳಿದೆ. ಅವರ ಅಳುವಿನಲ್ಲಿ ನನ್ನ ಮಾತು ಯಾರಿಗೂ ಕೇಳಲಿಲ್ಲ.

"ಚಿನ್ನದಂಥ ಮನುಷ್ಯರು," ಅಂತ ಅವರು ಅಳುತ್ತ ಹೇಳುತ್ತಿದ್ದರು. "ಒಂದಿನಾನೂ ಎದುರು ಮಾತಾಡಿದವರಲ್ಲ. ನಾನು ಏನು ಬಡಿಸಿದ್ರೂ ಸುಮ್ನೆ ಉಂಡು ಎದ್ದು ಹೋಗೋರು. ಇಂಥವರು ಇನ್ನೆಲ್ಲಿ ಸಿಕ್ತಾರೆ. ನಾನೇ ಸುಮ್ ಸುಮ್ನೆ ಬೈತಿದ್ದೆ, ನಂದೇ ತಪ್ಪು."

ನಾನು ಬಗ್ಗಿ ಮಾಲೀಕರ ಭುಜ ಹಿಡಿದು ಅಲ್ಲಾಡಿಸಿ, ಕಿವಿಯ ಹತ್ತಿರ, "ಏಳ್ರೀ ಸ್ವಾಮಿ, ಪಾಠ ಮುಗೀತು," ಅಂದೆ. ಅವರಿಗೆ ಆಗಲೇ ಎಚ್ಚರವಾಗಿತ್ತು. ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ನನ್ನನ್ನು ನೋಡಿದರು.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಮೇಷ್ಟ್ರೇ," ಅಂತ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ಮದುವೆಯಾದಾಗಿಂದ ಇಂಥ ಮಾತು ಕೇಳಿಲ್ಲ."

ಆ ತಾಯಿಯನ್ನು ಇನ್ನೊಂದು ಗಳಿಗೆಯೂ ಅಳಿಸುವುದು ಪಾಪ ಅನ್ನಿಸಿ, ನಾನು ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಿ ಕೂರಿಸಿಬಿಟ್ಟೆ. ಹೆಂಗಸರೆಲ್ಲ ಹಿಂದಕ್ಕೆ ಸರಿದರು. ಹೆಂಡತಿ ಅಳು ನಿಲ್ಲಿಸಿ, ಗಂಡನ ಮುಖ ಮುಟ್ಟಿ ನೋಡಿದರು, ಕೈ ಮುಟ್ಟಿ ನೋಡಿದರು. ಅವರ ಕಣ್ಣಿಂದ ಇನ್ನೂ ನೀರು ಇಳಿಯುತ್ತಿತ್ತು. ಆಮೇಲೆ ಅವರ ದೃಷ್ಟಿ ಗಂಡನ ಬೆನ್ನ ಮೇಲೆ ಹೋಯ್ತು.

"ಬೆಳಿಗ್ಗೆ ತಾನೇ ಒಗೆದ ಬಿಳೀ ಶರ್ಟು," ಅಂದರು. "ಅದರಲ್ಲಿ ಹೋಗಿ ಮಣ್ಣಲ್ಲಿ ಹೊರಳಾಡಿದ್ದೀರಲ್ಲ, ಇದನ್ನ ಯಾರು ಒಗೀತಾರೆ? ಏಳ್ರೀ ಮೇಲೆ."

ಮಾಲೀಕರು ಬೆನ್ನು ಕೊಡವಿಕೊಳ್ಳುತ್ತ ಎದ್ದು ನಿಂತು, ನನ್ನ ಕಡೆ ಬಹಳ ಬೇಸರದಿಂದ ನೋಡಿದರು.

"ನಾನು ಹೇಳ್ಲಿಲ್ವಾ ಮೇಷ್ಟ್ರೇ," ಅಂದರು. "ನೀವು ಎಬ್ಬಿಸಬಾರದಿತ್ತು."